‘ಶುಗರ್‌ನವರ’ ಸಿಟ್ಟಿಗೆ ಉಪದೇಶ ಮದ್ದಲ್ಲ

ಮಧುಮೇಹ ಇದೆ ಎಂದು ಗೊತ್ತಾದ ದಿನವೇ ಸಲಹೆಗಳ ಪಟ್ಟಿ ಸಿದ್ಧ. ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ, ಮಾತ್ರೆ ತಪ್ಪಿಸಬೇಡಿ. ಕೊನೆಗೆ ಬಾಯಿಮಾತಿನಲ್ಲಿ ಇನ್ನೊಂದು: ‘ಸಿಟ್ಟು ಮಾಡ್ಕೋಬೇಡಿ’. ಉಳಿದವನ್ನು ಪಾಲಿಸುವುದು ಹೇಗೆಂದು ಯಾರಾದರೂ ವಿವರಿಸುತ್ತಾರೆ. ಸಿಟ್ಟಿನ ವಿಷಯದಲ್ಲಿ ಸಿಗುವುದು ಬರೀ ಆಜ್ಞೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಅವರ ಮನೆಗಳಲ್ಲಿ ಹಾರುವ ಬಿರುಮಾತುಗಳನ್ನೆಲ್ಲ ‘ಅವರ ಸ್ವಭಾವವೇ ಹಾಗೆ’ ಎಂದು ಬದಿಗೆ ಸರಿಸುತ್ತಿದ್ದೇವೆ.

ಕೆಲವೊಮ್ಮೆ ಅದು ಸ್ವಭಾವವೇ ಅಲ್ಲ. ರಕ್ತದ ಗ್ಲುಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ದೇಹ ಅಡ್ರಿನಲಿನ್ ಸುರಿಸಿ ಎಚ್ಚರಿಸುತ್ತದೆ. ಬೆವರು, ನಡುಕ, ಎದೆಬಡಿತದ ಜತೆಗೇ ಕಾರಣವಿಲ್ಲದ ಕಿರಿಕಿರಿಯೂ ಬರುತ್ತದೆ. ಗ್ಲುಕೋಸನ್ನೇ ನೆಚ್ಚಿದ ಮಿದುಳು ಕಂಗೆಡುವಾಗ ಸಂಯಮವೂ ಸಡಿಲವಾಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಬೆಳಿಗ್ಗೆ ಮಾತ್ರೆ ನುಂಗಿ, ಮನೆಯವರಿಗೆಲ್ಲ ಬಡಿಸಿ, ತಿಂಡಿಯನ್ನು ಹನ್ನೊಂದರವರೆಗೆ ಮುಂದೂಡುವ ಗೃಹಿಣಿಯನ್ನು ನೆನೆಯಿರಿ. ಆಕೆ ಪಾತ್ರೆ ಕುಕ್ಕಿದರೆ ‘ಬಾಯಿ ಜೋರು’ ಎನ್ನುವವರೇ ಹೆಚ್ಚು, ‘ತಿಂದೆಯಾ’ ಎಂದು ಕೇಳುವವರು ಕಡಿಮೆ. ಆ ಹೊತ್ತಿಗೆ ಬೇಕಿರುವುದು ಮೂರು ಚಮಚ ಸಕ್ಕರೆ ಕದಡಿದ ನೀರು, ಹದಿನೈದು ನಿಮಿಷದ ನಂತರ ಮತ್ತೊಮ್ಮೆ ಪರೀಕ್ಷೆ. ಎಚ್ಚರ ತಪ್ಪುತ್ತಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಈ ಅರಿವು ದುರುಪಯೋಗವಾಗುವುದೂ ಉಂಟು. ನ್ಯಾಯವಾದ ದೂರು ಹೇಳಿದರೂ ‘ಶುಗರ್ ಲೋ ಆಗಿದ್ಯಾ?’ ಎಂದು ನಕ್ಕುಬಿಟ್ಟರೆ, ಕಾಯಿಲೆಯವರ ಮಾತಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಯಾಕೆಂದರೆ ಅವರ ಸಿಟ್ಟಿನ ಬಹುಪಾಲು ಗ್ಲುಕೋಮೀಟರಿಗೆ ಸಿಗುವಂಥದ್ದಲ್ಲ. ಮದುವೆಯೂಟದ ಎಲೆಯ ಮುಂದೆ, ಹತ್ತು ಜನ ಕೇಳುವಂತೆ ‘ನಿಮಗೆ ಹೋಳಿಗೆ ಬೇಡ ಅಲ್ವಾ’ ಎನ್ನುವವರಿದ್ದಾರೆ. ಹಾಗಲಕಾಯಿ ರಸ, ಮೆಂತ್ಯದ ನೀರು ಎಂದು ದಾರಿಯಲ್ಲೇ ನಿಲ್ಲಿಸಿ ವೈದ್ಯ ಹೇಳುವವರಿದ್ದಾರೆ. ಹೇಳಿದ್ದನ್ನೆಲ್ಲ ಪಾಲಿಸಿದ ಮೇಲೂ ಮೂರು ತಿಂಗಳ ಸಕ್ಕರೆಯ ಸರಾಸರಿ ಏರಿದರೆ ‘ಏನೋ ತಿಂದಿರಬೇಕು’ ಎಂಬ ಅನುಮಾನ ಬೇರೆ. ಟೈಪ್ 1 ಮಧುಮೇಹದ ಮಗುವಿಗೂ ‘ಸಿಹಿ ಜಾಸ್ತಿ ತಿಂದೆಯಾ’ ಎಂದು ಕೇಳುತ್ತಾರೆ. ಅದರ ದೇಹವೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿದೆ ಎಂಬುದು ಕೇಳುವವರಿಗೆ ಗೊತ್ತಿರುವುದಿಲ್ಲ. ಇಷ್ಟಾದರೂ ಸಿಟ್ಟು ಬರದಿದ್ದರೆ ಅದೇ ಆಶ್ಚರ್ಯ.

ಒತ್ತಡದ ಹಾರ್ಮೋನುಗಳು ಯಕೃತ್ತಿನಿಂದ ಗ್ಲುಕೋಸ್ ಹೊರಡಿಸುವುದು ನಿಜ. ಕುದಿಯುತ್ತಲೇ ಇರುವವರ ಸಕ್ಕರೆ ಏರಬಹುದು. ಆದರೆ ಇದನ್ನು ಹೇಳಿ ಹೆದರಿಸಿದರೆ ಸಿಟ್ಟಿನ ಮೇಲೊಂದು ತಪ್ಪಿತಸ್ಥ ಭಾವ ಸೇರುತ್ತದೆಯೇ ಹೊರತು ಸಿಟ್ಟು ಇಳಿಯುವುದಿಲ್ಲ. ಯಾವ ಮಾತು ನೋಯಿಸುತ್ತದೆ, ಯಾವ ನೆರವು ಬೇಕು ಎಂಬುದನ್ನು ತಣ್ಣಗಿರುವ ಹೊತ್ತಿನಲ್ಲೇ ಮನೆಯಲ್ಲಿ ಮಾತಾಡಿಕೊಂಡಿರಬೇಕು. ಸಕ್ಕರೆ ಕುಸಿದಾಗ ವಾದ ಬೇಡ, ಸರಿಹೋದ ಮೇಲೆ ವಾದವನ್ನು ನುಂಗಿಕೊಳ್ಳುವುದೂ ಬೇಡ ಎಂಬ ಒಪ್ಪಂದ ಕೆಟ್ಟದ್ದಲ್ಲ. ಹಾಗೆಂದು ಕಾಯಿಲೆಯ ಹೆಸರಿನಲ್ಲಿ ಕೈ ಎತ್ತುವ ಗಂಡಸರಿಗೆ ಈ ರಿಯಾಯಿತಿ ಸಲ್ಲದು.

ಮಧುಮೇಹಿಗಳ ಈ ಸಿಟ್ಟು ವೈದ್ಯಲೋಕಕ್ಕೆ ತಿಳಿಯದ್ದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲೇ ಮಧುಮೇಹದ ಮನೋಭಾರ ಅಳೆಯುವ 20 ಪ್ರಶ್ನೆಗಳ ಮಾಪಕ ಪ್ರಕಟಿಸಿದರು. ಈ ಕಾಯಿಲೆಯೊಂದಿಗೆ ಬದುಕುವುದನ್ನು ನೆನೆದು ಸಿಟ್ಟು ಬರುತ್ತದೆಯೇ ಎಂಬುದು ಅದರಲ್ಲೊಂದು. ನಮ್ಮ ಸರ್ಕಾರಿ ಅಸಾಂಕ್ರಾಮಿಕ ರೋಗ ಕ್ಲಿನಿಕ್‌ಗಳ ರೂಪುರೇಷೆಯಲ್ಲಿ ಆಪ್ತಸಮಾಲೋಚಕರ ಹುದ್ದೆಯೂ ಇದೆ. ಅವರ ಕೆಲಸ ಪಥ್ಯದ ಚೀಟಿ ಓದಿ ಹೇಳುವಷ್ಟಕ್ಕೇ ಮುಗಿಯಬಾರದು. ಬಿಪಿ ಪಟ್ಟಿ ಸುತ್ತುವಾಗಲೇ ಆ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ, ಜತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಿ ಕೇಳಬಹುದು. ಅದಕ್ಕೆ ಹೊಸ ಯಂತ್ರ, ಹೊಸ ಅನುದಾನ ಯಾವುದೂ ಬೇಕಿಲ್ಲ.