ಛಾಯಾಚಿತ್ರದಲ್ಲಿಲ್ಲದವರು

1927ರ ಡಿಸೆಂಬರಿನಲ್ಲಿ ಸ್ಪೇನಿನ ಸೆವಿಲ್ ನಗರದ ‘ಅತೆನೆಯೊ’ ಸಂಸ್ಥೆಯು, ಮುನ್ನೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ಕವಿ ಗೊಂಗೊರನ ಸ್ಮರಣಾರ್ಥ ಸಭೆ ನಡೆಸಿತು. ಅಲ್ಲಿ ನೆರೆದ ಲೋರ್ಕಾ, ಆಲ್ಬೆರ್ತಿ, ಗಿಯೆನ್, ದಾಮಸೊ ಅಲೊನ್ಸೊ ಮೊದಲಾದ ತರುಣರ ಛಾಯಾಚಿತ್ರವು ಇಂದಿಗೂ ಪ್ರಸಿದ್ಧ. ‘ಇಪ್ಪತ್ತೇಳರ ಪೀಳಿಗೆ’ ಎಂಬ ಹೆಸರು ಬಂದುದು ಆ ವರ್ಷದಿಂದಲೇ. ಚಿತ್ರದಲ್ಲಿ ಒಬ್ಬ ಹೆಂಗಸೂ ಇಲ್ಲ.

ಆ ಕವಿಗಳ ಸಾಧನೆಯನ್ನು ಕಿರಿದುಗೊಳಿಸುವುದು ನನ್ನ ಉದ್ದೇಶವಲ್ಲ. ಹಳೆಯ ಗೊಂಗೊರನನ್ನೂ ಹೊಸ ಅತಿವಾಸ್ತವವಾದವನ್ನೂ ಏಕಕಾಲದಲ್ಲಿ ಒಲಿಸಿಕೊಂಡವರು ಅವರು. ಮ್ಯಾಡ್ರಿಡ್ಡಿನ ವಿದ್ಯಾರ್ಥಿನಿಲಯದಲ್ಲಿ ಲೋರ್ಕಾನಿಗೆ ಚಿತ್ರಕಾರ ಡಾಲಿ, ಚಲಚ್ಚಿತ್ರಕಾರ ಬುನ್ಯುಯೆಲ್ ಒಡನಾಡಿಗಳಾದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ಸಂಗತಿ. ನನ್ನ ಆಕ್ಷೇಪವಿರುವುದು ಆ ಕಥೆಯನ್ನು ಹೇಳುತ್ತ ಬಂದಿರುವ ರೀತಿಗೆ.

ಕವಯಿತ್ರಿ ಕೊಂಚಾ ಮೆಂದೆಸಳನ್ನೇ ನೋಡಿ. ಪತಿ, ಕವಿ ಆಲ್ತೊಲಗಿರ್ರೆಯೊಡನೆ ಆಕೆ ಮ್ಯಾಡ್ರಿಡ್ಡಿನಲ್ಲಿ ಮುದ್ರಣಾಲಯ ನಡೆಸಿದಳು. ಯಂತ್ರದ ಮುಂದೆ ತಾನೇ ನಿಂತು ದುಡಿದಳು. ನೆರೂದನ ಸಂಪಾದಕತ್ವದ ಪತ್ರಿಕೆಯೂ, 1936ರಲ್ಲಿ ಲೋರ್ಕಾನ ಒಂದು ಕವನಸಂಗ್ರಹವೂ ಹೊರಬಂದುದು ಆ ದಂಪತಿಗಳ ಮುದ್ರಣಾಲಯದಿಂದ. ಅದೇ ಆಗಸ್ಟಿನಲ್ಲಿ ಲೋರ್ಕಾನ ಕೊಲೆಯಾಯಿತು. ಆಕೆ ದೇಶಭ್ರಷ್ಟಳಾಗಿ ಕೊನೆಗೆ ಮೆಕ್ಸಿಕೊ ಸೇರಿದಳು. ಅದೇ ಪೀಳಿಗೆಯ ಕವಿ ಸೆರ್ನುದ 1963ರಲ್ಲಿ ಕಣ್ಮುಚ್ಚಿದ್ದು ಅಲ್ಲಿ, ಆಕೆಯ ಮನೆಯಲ್ಲಿ. ಪೀಳಿಗೆಯ ಕಾವ್ಯವನ್ನು ಅಚ್ಚುಮಾಡಿದ, ಪೀಳಿಗೆಗೆ ಆಶ್ರಯವಿತ್ತ ಈ ಕವಯಿತ್ರಿಯ ಹೆಸರು ಬಹುಕಾಲ ಪೀಳಿಗೆಯ ಪಟ್ಟಿಯಲ್ಲಿರಲಿಲ್ಲ.

ಆಕೆಯೊಬ್ಬಳ ಪಾಡು ಮಾತ್ರವಲ್ಲ ಇದು. ಚಿತ್ರಕಾರ್ತಿ ಮರೂಹಾ ಮಾಯೊ 1937ರಲ್ಲಿ ಅರ್ಜೆಂಟೀನಾ ಸೇರಿದಳು. ತತ್ತ್ವಚಿಂತಕಿ ಮರಿಯಾ ಸಾಂಬ್ರಾನೊ 1939ರಲ್ಲಿ ಬಿಟ್ಟ ದೇಶಕ್ಕೆ ಮರಳಿದ್ದು 1984ರಲ್ಲಿ. ಹೆರಾರ್ದೊ ದಿಯೆಗೊನ ಪ್ರಸಿದ್ಧ ಕಾವ್ಯಸಂಕಲನದ 1932ರ ಆವೃತ್ತಿಯಲ್ಲಿ ಒಬ್ಬ ಕವಯಿತ್ರಿಯೂ ಇರಲಿಲ್ಲ. 1934ರ ಆವೃತ್ತಿಯಲ್ಲಿ ಇಬ್ಬರು ಬಂದರು. ಅಂತರ್ಯುದ್ಧವು ಗಂಡು ಹೆಣ್ಣೆಂಬ ಭೇದವೆಣಿಸದೆ ಎಲ್ಲರನ್ನೂ ಚೆದುರಿಸಿತು. ಚೆದುರಿದವರನ್ನು ಮತ್ತೆ ಒಟ್ಟುಗೂಡಿಸಿದ ಸಾಹಿತ್ಯಚರಿತ್ರೆಯು ಆ ಭೇದವನ್ನು ಎಣಿಸಿತು.

‘ಕೀರ್ತಿ ಪ್ರತಿಭೆಯನ್ನು ಹಿಂಬಾಲಿಸುತ್ತದೆ, ಲೋರ್ಕಾನಿಗೆ ಸಮನಾದವರು ಇವರಲ್ಲಿ ಯಾರಿದ್ದಾರೆ?’ ಎಂದು ಕೇಳಬಹುದು. ಲೋರ್ಕಾನಿಗೆ ಸಮನಾದವರು ಆ ಛಾಯಾಚಿತ್ರದಲ್ಲಿಯೂ ಎಷ್ಟು ಮಂದಿ? ಅವರಾರನ್ನೂ ನಾವು ಪಟ್ಟಿಯಿಂದ ಹೊಡೆದುಹಾಕಲಿಲ್ಲವಲ್ಲ! ಒಬ್ಬ ಕವಿಯ ಹಿರಿಮೆಯನ್ನು ಅಳೆಯುವಾಗ ತಕ್ಕಡಿ ಬೇಕು, ನಿಜ. ಆದರೆ ‘ಪೀಳಿಗೆ’ ಎಂದೊಡನೆ ಮಾತು ಒಂದು ಬಳಗದ್ದಾಗುತ್ತದೆ. ಬಳಗದಲ್ಲಿ ಯಾರು ಯಾರು ಬಾಳಿ ದುಡಿದರೆಂಬುದು ಆಗ ವಾಸ್ತವಾಂಶದ ಪ್ರಶ್ನೆ.

2015ರ ಸಾಕ್ಷ್ಯಚಿತ್ರವೊಂದು ಈ ಮಹಿಳೆಯರನ್ನು ‘ಟೋಪಿಯಿಲ್ಲದವರು’ ಎಂದು ಕರೆದು ಸ್ಪೇನಿನ ಜನರಿಗೆ ಮತ್ತೆ ಪರಿಚಯಿಸಿತು. ಒಳ್ಳೆಯ ಕೆಲಸ, ಆದರೆ ಬೇರೆಯ ಹೆಸರು ಬೇರೆಯ ಪಂಕ್ತಿಗೂ ದಾರಿಯಾಗಬಾರದು. ಅಧ್ಯಾಯದ ಕೊನೆಗೊಂದು ಅನುಬಂಧ ಹಚ್ಚಿದರೆ ಸಾಲದು. ಲೋರ್ಕಾನನ್ನು ಪಾಠಹೇಳುವ ಅಧ್ಯಾಪಕರು ಅವನ ಪುಸ್ತಕವನ್ನು ಅಚ್ಚುಮಾಡಿದ ಕೈಗಳ ಹೆಸರನ್ನೂ ಅದೇ ಪಾಠದಲ್ಲಿ ಹೇಳಲಿ. ಆ ಕೈಗಳೇ ಬರೆದ ಕವಿತೆಗಳನ್ನೂ ಓದಿಸಲಿ.