ಆರೈಕೆ ಮಾಡುವವಳಿಗೂ ಆರೈಕೆ ಬೇಡವೇ?

ಹಾಸಿಗೆ ಹಿಡಿದ ಅತ್ತೆಯವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಹಗಲೇನೋ ಸರಿ, ರಾತ್ರಿ ಏಳುವವರಾರು? ನೀವೇ ತಾನೆ! ನಿದ್ದೆಗೆಟ್ಟು, ಸೊಂಟ ಹಿಡಿದು, ಕೊನೆಗೆ ಅವರ ಮೇಲೇ ರೇಗಿ, ಆಮೇಲೆ ಒಬ್ಬರೇ ಕೂತು ಅಳುತ್ತೀರಿ. ಅದು ಕೆಟ್ಟತನವಲ್ಲ ಸೋದರಿ, ದಣಿವು.

ತಂದೆತಾಯಿಯರನ್ನು ಪೋಷಿಸುವ ಹೊಣೆಯನ್ನು 2007ರ ಕಾಯ್ದೆ ಹೊರಿಸಿರುವುದು ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳ ಮೇಲೆ. ಅದರಲ್ಲಿ ಸೊಸೆಯ ಹೆಸರಿಲ್ಲ! ಹಾಗೆಂದು ಕೈಬಿಡಿ ಎನ್ನುತ್ತಿಲ್ಲ, ಕೆಲಸ ಹಂಚಿ. "ಯಾರಾದ್ರೂ ಸ್ವಲ್ಪ ನೋಡಬಾರದಾ" ಎಂದು ಗೊಣಗಿದರೆ ಯಾರೂ ಏಳುವುದಿಲ್ಲ. "ರೀ, ರಾತ್ರಿ ಎರಡು ಗಂಟೆ ಸರದಿ ನಿಮ್ದು" ಎಂದು ಯಜಮಾನರಿಗೆ ನೇರವಾಗಿ ಹೇಳಿ. ತಿಂಗಳಿಗೆರಡು ಭಾನುವಾರ ನಾದಿನಿಯನ್ನು ಕರೆಸಿಕೊಳ್ಳಿ. ಆ ಹೊತ್ತಿನಲ್ಲಿ ಅಡಿಗೆಮನೆಗೆ ಹೋಗದೆ ನಿದ್ದೆ ಮಾಡಿ. ನೀವೂ ಹಾಸಿಗೆ ಹಿಡಿದರೆ ಅತ್ತೆಗೆ ದಿಕ್ಕು ಯಾರು?