ಹಳೇ ಪಿಕಪ್‌ಗೆ ಎಷ್ಟು ಕೊಡಬೇಕು?

ಟೊಮೇಟೊ ಸೀಸನ್ ಹತ್ತಿರ ಬರುತ್ತಿದ್ದಂತೆ ನಮ್ಮ ಕೋಲಾರ ಸೀಮೆಯ ಊರುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಈ ಸಲ ಒಂದು ಪಿಕಪ್ ತಗೊಂಡುಬಿಡೋಣ.’ ಹೊಸದಕ್ಕೆ ಕೈ ಎಟುಕುವುದಿಲ್ಲ. ಹಾಗಾಗಿ ಯಾರದೋ ಮನೆ ಹಿತ್ತಿಲಲ್ಲೋ ಹುಣಸೆ ಮರದ ಕೆಳಗೋ ತಿಂಗಳಾನುಗಟ್ಟಲೆ ನಿಂತ ಹಳೇ ಗಾಡಿಯ ಕಡೆ ಕಣ್ಣು ಹೋಗುತ್ತದೆ. ‘ಎಂಜಿನ್ ಬೆಣ್ಣೆ ಹಂಗೈತೆ ಕಣಣ್ಣ, ಸ್ವಲ್ಪ ಕೆಲಸ ಐತೆ ಅಷ್ಟೇ’ ಅನ್ನುತ್ತಾನೆ ಮಾಲೀಕ. ಆ ‘ಸ್ವಲ್ಪ ಕೆಲಸ’ಕ್ಕೆ ಎಷ್ಟಾಗುತ್ತದೆ ಎಂದು ಕೂತು ಲೆಕ್ಕ ಹಾಕುವವರು ಕಡಿಮೆ. ನಾವೂ ಹಾಕಿರಲಿಲ್ಲ.

ಕಳೆದ ವರ್ಷ ನಮ್ಮ ಬಳಗದ ಗೆಳೆಯನ ಚಿಕ್ಕಪ್ಪನ ಮಗ ಇಂಥದ್ದೊಂದು ಗಾಡಿ ಕೊಂಡ. ಮಾಲೀಕ ಹೇಳಿದ್ದು 2,40,000 ರೂಪಾಯಿ. ಎರಡು ದಿನ ಚೌಕಾಸಿ ಮಾಡಿ 2,10,000ಕ್ಕೆ ಇಳಿಸಿದ. ನಾವು ಮೂವರು ಜೊತೆಯಲ್ಲಿ ಹೋಗಿದ್ದೆವು. ಮೂವತ್ತು ಸಾವಿರ ಉಳಿಯಿತು ಎಂದು ನಾವೇ ಅವನ ಬೆನ್ನು ತಟ್ಟಿದೆವು, ಹೋಟೆಲಲ್ಲಿ ಟೀ ಕುಡಿದು ಬಂದೆವು. ಆ ದುಡ್ಡಿಗೆ ಅವರ ಮನೆಯ ಒಂದು ಸೀಮೆಹಸು ಮಾರಾಟವಾಗಿತ್ತು, ಅಮ್ಮನ ಸರ ಅಡವಿಗೆ ಹೋಗಿತ್ತು.

ಆಮೇಲೆ ಖರ್ಚು ಶುರುವಾಯಿತು. ನಾಲ್ಕು ಟೈರಿಗೆ 24,000. ಕ್ಲಚ್ಚಿಗೆ 12,000. ಕಮಾನು ಪಟ್ಟಿ ಮತ್ತು ಬ್ರೇಕ್ ಕೆಲಸಕ್ಕೆ 14,000. ಟಿಂಕರಿಂಗ್, ಪೇಂಟಿಗೆ 20,000. ಬ್ಯಾಟರಿಗೆ 6,000. ಇನ್ಶೂರೆನ್ಸ್ ಇರಲೇ ಇಲ್ಲ, ಅದಕ್ಕೆ 18,000. ಎಫ್‌ಸಿ ಮುಗಿದು ವರ್ಷದ ಮೇಲಾಗಿತ್ತು. ಅದು, ತೆರಿಗೆ ಬಾಕಿ, ಹೆಸರು ಬದಲಾವಣೆ, ಏಜೆಂಟನ ಓಡಾಟ ಎಲ್ಲ ಸೇರಿ 18,000. ಒಟ್ಟು 1,12,000. ಗಾಡಿ ರಸ್ತೆಗೆ ಇಳಿದ ದಿನ ಅದರ ಬೆಲೆ 3,22,000 ಆಗಿತ್ತು. ಪಕ್ಕದ ತಾಲ್ಲೂಕಲ್ಲಿ ಅದೇ ಮಾಡೆಲಿನ, ಓಡುತ್ತಿದ್ದ, ರೆಕಾರ್ಡೆಲ್ಲ ಸರಿ ಇದ್ದ ಗಾಡಿ 2,90,000ಕ್ಕೆ ಹೋಗಿತ್ತು. ನಮ್ಮ ಹುಡುಗನ ಗಾಡಿ ಮಂಡಿ ಮುಟ್ಟುವ ಹೊತ್ತಿಗೆ ಅವನ ತೋಟದ ಕಾಯಿ ಅರ್ಧ ಮುಗಿದಿತ್ತು.

ಅವನು ಮೋಸ ಹೋದ ಎಂದು ಊರು ಆಡಿಕೊಂಡಿತು. ನಮಗೆ ಹಾಗನ್ನಿಸುವುದಿಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ, ಕೆಲಸ ಇದೆ ಎಂದೇ ಹೇಳಿದ್ದ. ನಾವು ಲೆಕ್ಕ ಶುರು ಮಾಡಿದ ಜಾಗವೇ ತಪ್ಪಾಗಿತ್ತು.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಮಾರುವವನು ಹೇಳಿದ ಬೆಲೆಯಿಂದ ಶುರು ಮಾಡಿದರೆ ಎಷ್ಟೇ ಇಳಿಸಿದರೂ ಅವನ ಅಂಕಿಯ ಸುತ್ತಲೇ ಸುತ್ತುತ್ತೇವೆ. ನಮ್ಮ ಕೈಯಲ್ಲಿರುವ ದುಡ್ಡಿನಿಂದ ಶುರು ಮಾಡುವುದು ಇನ್ನೂ ಅಪಾಯ. ಎರಡು ಲಕ್ಷ ಇದೆ ಎಂದು ಗೊತ್ತಾದರೆ ಎಲ್ಲ ಗಾಡಿಗೂ ಎರಡು ಲಕ್ಷವೇ ಬೆಲೆ. ನಮ್ಮ ಅಭಿಪ್ರಾಯ ಇಷ್ಟೇ: ಇವತ್ತು ಲೋಡ್ ಹಾಕಿದರೆ ಇವತ್ತೇ ಮಂಡಿಗೆ ಹೋಗಬಲ್ಲ, ರೆಕಾರ್ಡು ಸರಿ ಇರುವ, ಅದೇ ವರ್ಷದ ಅದೇ ಮಾಡೆಲಿನ ಗಾಡಿ ಎಷ್ಟಕ್ಕೆ ಹೋಗುತ್ತಿದೆ ಎಂದು ಮೊದಲು ತಿಳಿಯಬೇಕು. ಮೂರು ಕಡೆ ವಿಚಾರಿಸಬೇಕು. ಅಲ್ಲಿಂದ ಕಳೆಯುತ್ತಾ ಬರಬೇಕು.

ನಮ್ಮ ಹುಡುಗನ ಗಾಡಿಯನ್ನೇ ಹಾಗೆ ಲೆಕ್ಕ ಹಾಕಿ ನೋಡೋಣ. ಒಳ್ಳೇ ಗಾಡಿಯ ಬೆಲೆ 2,90,000. ರಿಪೇರಿ 76,000 ಮತ್ತು ರೆಕಾರ್ಡಿನ ಖರ್ಚು 36,000 ಕಳೆದರೆ ಉಳಿಯುವುದು 1,78,000. ಬಿಚ್ಚಿದ ಮೇಲೆ ಕಾಣುವ ಕೆಲಸ ಯಾವಾಗಲೂ ಇರುತ್ತದೆ. ಮೆಕ್ಯಾನಿಕ್ ಹೇಳಿದ ಅಂದಾಜಿನ ಕಾಲು ಭಾಗವನ್ನು ಅದಕ್ಕೆ ಎತ್ತಿಡಬೇಕು, ಅದು 19,000. ಗಾಡಿ ಗ್ಯಾರೇಜಲ್ಲಿ ಒಂದು ತಿಂಗಳು ನಿಂತರೆ ಕಟ್ಟುವ ಬಡ್ಡಿ, ಕೊಡುವ ಬಾಡಿಗೆ ಸೇರಿ 9,000 ಎಂದಿಟ್ಟುಕೊಳ್ಳಿ. ಉಳಿದದ್ದು 1,50,000. ಒಂದೂವರೆ ಲಕ್ಷದ ಗಾಡಿಗೆ ಎರಡು ಲಕ್ಷದ ಹತ್ತು ಸಾವಿರ ಕೊಟ್ಟು ಮೂವತ್ತು ಸಾವಿರ ಉಳಿಸಿದೆವು ಎಂದು ಟೀ ಕುಡಿದಿದ್ದೆವು ನಾವು.

ನಿಮ್ಮೂರಲ್ಲಿ ಅಂಕಿಗಳು ಬೇರೆ ಇರಬಹುದು. ಕಳೆಯುವ ಕ್ರಮ ಮಾತ್ರ ಇದೇ. ಕೊನೆಗೆ ಉಳಿದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡು ಹೋಗಿ. ಅದು ನೀವು ಕೊಡಬಹುದಾದ ಹೆಚ್ಚಿನ ಬೆಲೆ. ಚೌಕಾಸಿ ಶುರುವಾಗಬೇಕಾದದ್ದು ಅದರ ಕೆಳಗೆ.

ಎಂಜಿನ್ನಿಗಿಂತ ಮೊದಲು ರೆಕಾರ್ಡು

ನಾವೆಲ್ಲ ಗಾಡಿ ನೋಡಲು ಹೋದರೆ ಮೊದಲು ಬಾನೆಟ್ ಎತ್ತುತ್ತೇವೆ. ಮೊದಲು ನೋಡಬೇಕಾದದ್ದು ಆರ್‌ಸಿ. ಕೆಟ್ಟ ಕ್ಲಚ್ಚಿಗೆ ಒಂದು ರೇಟ್ ಇರುತ್ತದೆ, ದುಡ್ಡು ಕೊಟ್ಟರೆ ಮುಗಿಯಿತು. ತೀರದ ಸಾಲ ಇರುವ ಗಾಡಿಗೆ ಅಂಥ ರೇಟ್ ಇಲ್ಲ.

ಸರಕು ಸಾಗಿಸುವ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಇಲ್ಲದ ಗಾಡಿಯ ನೋಂದಣಿಯನ್ನು 1988ರ ಮೋಟಾರು ವಾಹನ ಕಾಯ್ದೆ ಊರ್ಜಿತ ಎಂದು ಒಪ್ಪುವುದಿಲ್ಲ. ಅಂದರೆ ಕೈಯಲ್ಲಿ ಆರ್‌ಸಿ ಇದ್ದೂ ಇಲ್ಲದ ಹಾಗೆ. ಗಾಡಿ ಹಳೆಯದಾದಷ್ಟೂ ಎಫ್‌ಸಿಯ ಶುಲ್ಕ ಏರುತ್ತದೆ. 15 ವರ್ಷ ದಾಟಿದ ಗಾಡಿ ಕೊಳ್ಳುವವರು ಇದನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಮುಂದಿನ ಮಾತಾಡಬೇಕು.

ಇನ್ಶೂರೆನ್ಸ್ ಸಣ್ಣ ಖರ್ಚಲ್ಲ. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಗೆ ಬರೀ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರಪಟ್ಟಿಯಲ್ಲೇ 16,049 ರೂಪಾಯಿ ಇತ್ತು, ತೆರಿಗೆ ಬೇರೆ. ಎಫ್‌ಸಿ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಂಬುದು ಗಾಡಿ ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಕಾಣುತ್ತದೆ. ದಂಡದ ಚಲನ್ ಬಾಕಿ ಇದೆಯೇ ಎಂದೂ ಫೋನಿನಲ್ಲೇ ನೋಡಬಹುದು.

ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರು ಇದ್ದರೆ ‘ಸಾಲ ತೀರಿಸಾಯ್ತಣ್ಣ’ ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟವರ ಎನ್‌ಒಸಿ ಮತ್ತು ಅವರು ಸಹಿ ಹಾಕಿದ 35ನೇ ನಮೂನೆ ಕೈಗೆ ಬರಬೇಕು. ಇಲ್ಲದಿದ್ದರೆ ಒಂದು ದಿನ ಸೀಜ್ ಮಾಡುವವರು ಬಂದು ನಿಮ್ಮ ಮನೆ ಮುಂದಿನಿಂದಲೇ ಗಾಡಿ ಎತ್ತಿಕೊಂಡು ಹೋಗುತ್ತಾರೆ. ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕಿದರೆ ಆ ರಾಜ್ಯದ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ತೆರಿಗೆ, ಹೊಸ ನಂಬರಿನ ಖರ್ಚು ಎಲ್ಲವನ್ನೂ ಚೀಟಿಯಲ್ಲಿ ಕಳೆಯಬೇಕು. ಆಗ ಆ ಅಗ್ಗ ಎಷ್ಟು ಉಳಿಯುತ್ತದೆ ನೋಡಿ.

ಗಾಡಿ ಹೇಳುವ ಮಾತು

ಬೆಳಿಗ್ಗೆ ಹೊತ್ತು, ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಬನ್ನಿ. ಬಿಸಿ ಎಂಜಿನ್ ಎಷ್ಟೋ ರೋಗ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಎಷ್ಟು ಹೊತ್ತು ತಗೊಳ್ಳುತ್ತದೆ, ಯಾವ ಬಣ್ಣದ ಹೊಗೆ ಬರುತ್ತದೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಎಂಜಿನ್ ಕೆಲಸಕ್ಕೆ ಬಂದಿದೆ ಎಂದು ಯಾವ ಮೆಕ್ಯಾನಿಕ್ ಆದರೂ ಹೇಳುತ್ತಾನೆ. ಅದು ಟೈರು ಬ್ಯಾಟರಿಯಂಥ ಖರ್ಚಲ್ಲ.

ಕಿಲೋಮೀಟರ್ ಅಂಕಿಯನ್ನು ನಂಬಬೇಡಿ. ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ, ಸ್ಟೇರಿಂಗ್ ನುಣ್ಣಗಾಗಿದ್ದರೆ ಮೀಟರಲ್ಲಿ ಏನೇ ಇರಲಿ, ಗಾಡಿ ಬಹಳ ಓಡಿದೆ.

ಆಮೇಲೆ ಗಾಡಿಯ ಕೆಳಗೆ ಮಲಗಿ ನೋಡಿ. ಬಟ್ಟೆ ಕೊಳೆಯಾದರೆ ಆಗಲಿ. ನಮ್ಮ ಕಡೆ ಟೊಮೇಟೊ ಬಾಕ್ಸ್ ಎಂದರೆ 15 ಕಿಲೋ ಲೆಕ್ಕ. ಸುಮಾರು 750 ಕಿಲೋ ಹೊರುವ ಟಾಟಾ ಏಸ್‌ನಂಥ ಗಾಡಿಗೆ 50 ಬಾಕ್ಸ್ ಹಾಕಿದರೆ ತೂಕ ಮುಗಿಯಿತು. ಸೀಸನ್ನಲ್ಲಿ ಯಾರು 50ಕ್ಕೆ ನಿಲ್ಲಿಸುತ್ತಾರೆ? ಹೀಗೆ ವರ್ಷಗಟ್ಟಲೆ ಮಿತಿಮೀರಿ ಹೊತ್ತ ಗಾಡಿಯ ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ಗುರುತು, ತುಕ್ಕು ತಿಂದ ತೂತು ಸಿಗುತ್ತವೆ. ಚಾಸಿಗೆ ವೆಲ್ಡಿಂಗ್ ಬಿದ್ದಿದ್ದರೆ, ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಬೆಲೆಯ ಮಾತೇ ಬೇಡ. ಎದ್ದು ಬನ್ನಿ.

ಇಷ್ಟೆಲ್ಲ ನೋಡಲು ನಮಗೆ ಬರುವುದಿಲ್ಲ ಎಂದರೆ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ. ಆ ಗಾಡಿಯನ್ನು ಇಷ್ಟು ವರ್ಷ ರಿಪೇರಿ ಮಾಡಿದವನು ಬೇಡ, ಬ್ರೋಕರ್ ಗೊತ್ತು ಮಾಡಿಕೊಟ್ಟವನೂ ಬೇಡ. ಅರ್ಧ ದಿನದ ಕೂಲಿಯನ್ನು ಮೊದಲೇ ಕೈಗಿಡಿ, ಗಾಡಿ ಕೊಂಡರೂ ಇಷ್ಟೇ ಬಿಟ್ಟರೂ ಇಷ್ಟೇ ಎಂದು ಹೇಳಿ. ಪುಕ್ಕಟೆ ಸಲಹೆಗೆ ಕರೆದೊಯ್ದವನು ಮುಲಾಜಿಗೆ ಬೀಳುತ್ತಾನೆ. ನಾವು ಮೂವರು ತಲೆಯಾಡಿಸಿದ್ದು ಹೀಗೆಯೇ.

ಗಾಡಿ ಬೇಕೇ ಬೇಕಾ?

ಇದನ್ನು ಕೇಳಿದರೆ ಹುಡುಗರಿಗೆ ಬೇಜಾರಾಗುತ್ತದೆ, ಆದರೂ ಕೇಳುತ್ತೇವೆ. ವರ್ಷಕ್ಕೆ ಎಷ್ಟು ಟ್ರಿಪ್ ಮಂಡಿಗೆ ಹೋಗುತ್ತೀರಿ? ಟ್ರಿಪ್ಪಿಗೆ 1,500 ಬಾಡಿಗೆಯಂತೆ 40 ಟ್ರಿಪ್ ಎಂದರೆ ವರ್ಷಕ್ಕೆ 60,000. ಸ್ವಂತ ಗಾಡಿಗೆ ಇನ್ಶೂರೆನ್ಸ್, ಎಫ್‌ಸಿ, ತೆರಿಗೆ, ಡೀಸೆಲ್, ಸಾಲದ ಬಡ್ಡಿ, ವರ್ಷದ ರಿಪೇರಿ ಸೇರಿಸಿದರೆ ಅದಕ್ಕಿಂತ ಹೆಚ್ಚಾಗಬಹುದು. ಪಕ್ಕದ ನಾಲ್ಕು ತೋಟದ ಮಾಲು ಖಾತ್ರಿಯಾಗಿ ಸಿಗುತ್ತದೆ ಎಂದಾದರೆ ಲೆಕ್ಕ ತಿರುಗುತ್ತದೆ. ‘ಸಿಗಬಹುದು’ ಎನ್ನುವುದನ್ನು ಆದಾಯದಲ್ಲಿ ಸೇರಿಸಬೇಡಿ.

ಸ್ವಂತ ಗಾಡಿಯ ಹೆಮ್ಮೆಗೂ ಬೆಲೆ ಇದೆ, ನಾವು ಇಲ್ಲ ಎನ್ನುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಬಾಡಿಗೆ ಗಾಡಿಯವನು ಫೋನ್ ಎತ್ತದೆ ಕಾಯಿ ತೋಟದಲ್ಲೇ ಕೊಳೆತದ್ದನ್ನು ಕಂಡವರೇ ನಾವು. ಆ ಹೆಮ್ಮೆಗೆ ಎಷ್ಟು ಕೊಡುತ್ತೇವೆ ಎಂಬುದೂ ಚೀಟಿಯಲ್ಲಿ ಇರಲಿ ಎಂದಷ್ಟೇ ಹೇಳುತ್ತಿದ್ದೇವೆ.

ದುಡ್ಡು ಕೈ ಬದಲಾಗುವಾಗ

ಪೂರ್ತಿ ದುಡ್ಡು ಕೊಟ್ಟು, ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಾವಣೆಯನ್ನು ‘ಆಮೇಲೆ ಮಾಡಿಸೋಣ’ ಎನ್ನುವುದು ನಮ್ಮ ಊರುಗಳ ದೊಡ್ಡ ಕಾಯಿಲೆ. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. 29 ಮತ್ತು 30ನೇ ನಮೂನೆಗಳು ಇದಕ್ಕೇ ಇರುವುದು. ಮುಂಗಡ ಸ್ವಲ್ಪ ಕೊಡಿ, ಬ್ಯಾಂಕ್ ಮೂಲಕ ಕೊಡಿ, ಒಂದು ಭಾಗವನ್ನು ಹೆಸರು ಬದಲಾಗುವವರೆಗೆ ಉಳಿಸಿಕೊಳ್ಳಿ, ಇದನ್ನೆಲ್ಲ ಕರಾರಿನಲ್ಲಿ ಬರೆಸಿ.

ಮಾರುವವರಿಗೂ ಒಂದು ಮಾತು. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಅಪಘಾತದ ಪ್ರಕರಣ ಬಂದಿತ್ತು. ಗಾಡಿ ಕೈಯಿಂದ ಕೈಗೆ ಮಾರಾಟವಾಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನ ಮಾಲೀಕನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಆ ಹೆಸರಿನವನದೇ ಎಂದು ಕೋರ್ಟ್ ಹೇಳಿತು. ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡ ಮಾತ್ರಕ್ಕೆ ಕೈ ತೊಳೆದುಕೊಂಡ ಹಾಗಲ್ಲ. ಹೆಸರು ಬದಲಾವಣೆಗೆ ಕೊಂಡವನಿಗಿಂತ ನೀವೇ ಹೆಚ್ಚು ಅವಸರ ಮಾಡಬೇಕು.

‘ಇಷ್ಟೆಲ್ಲ ಲೆಕ್ಕ ಹಾಕ್ತಾ ಕೂತರೆ ಗಾಡಿ ಬೇರೆಯವರ ಪಾಲಾಗ್ತೈತೆ’ ಎಂದು ಹಿರಿಯರೊಬ್ಬರು ನಮಗೆ ಹೇಳಿದರು. ನಿಜ, ಕೆಲವು ಕೈತಪ್ಪುತ್ತವೆ. ಕೈತಪ್ಪಿದ ಗಾಡಿಯಿಂದ ಯಾರ ಮನೆಯ ಸರವೂ ಅಡವಿಗೆ ಹೋಗಿಲ್ಲ. ಕೆಲಸ ಇರುವ ಹಳೇ ಗಾಡಿ ಕೆಟ್ಟದ್ದೇನಲ್ಲ. ಕೈಯಲ್ಲಿ ಕಡಿಮೆ ದುಡ್ಡಿರುವವರು ಸ್ವಂತ ದುಡಿಮೆಗೆ ಇಳಿಯಲು ಅದೊಂದೇ ದಾರಿ ಎಷ್ಟೋ ಸಲ. ಆ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯುವವರೆಗೆ ಮಾತ್ರ ಮುಂಗಡ ಕೊಡಬೇಡಿ.

ಇನ್ನೊಂದು. ಚೀಟಿ ಬರೆಯುವಾಗ ಮನೆಯ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಘದ ಕಂತು, ಹಾಲಿನ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರು ಅವರು. ನಮ್ಮ ಹುಡುಗ ಗಾಡಿ ತಂದ ದಿನ ಅವನ ಅಮ್ಮ ಪೂಜೆಗೆ ನಿಂಬೆಹಣ್ಣು ಹಿಡಿದು ಬಂದು ಮೊದಲು ಕೇಳಿದ್ದು, ‘ಟೈರು ಇದೇನಪ್ಪ ಹಿಂಗೈತೆ?’ ಎಂದು. ನಾವು ಮೂವರೂ ಡಿಗ್ರಿ ಮಾಡಿದವರು, ಎರಡು ದಿನ ಆ ಗಾಡಿ ಸುತ್ತ ಸುತ್ತಿದ್ದೆವು. ಆ ಪ್ರಶ್ನೆಯನ್ನು ಮಾಲೀಕನ ಹಿತ್ತಿಲಲ್ಲಿ ನಿಂತು ಕೇಳಿದ್ದರೆ ಅಲ್ಲೇ 24,000 ಇಳಿಯುತ್ತಿತ್ತು.